ಎತ್ತಿದ ಕೈ ಅಲ್ಲೇ ನಿಂತಾಗ: ‘ಡಾಕ್ಟರ್ ಹೂ’ ಕ್ರಿಸ್‌ಮಸ್ ಸ್ಪೆಷಲ್ ಮತ್ತೆ ನೋಡಿದ್ಮೇಲೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇರೋರಿಗೂ, ಕೇಳೋಕೆ ಪುರುಸೊತ್ತಿಲ್ಲ, ಓದಿಬಿಡ್ತೀನಿ ಅಂತ ಈ ಪುಟಕ್ಕೆ ಬಂದೋರಿಗೂ ಸ್ವಾಗತ.

ಇವತ್ತು ಮಾತಾಡೋದು ಒಂದೇ ಒಂದು ಎಪಿಸೋಡ್ ಬಗ್ಗೆ. ಸುಮಾರು ಒಂದು ಗಂಟೆಯದು. ಬ್ರಿಟನ್‌ನ ಬಿಬಿಸಿ 2010ರ ಡಿಸೆಂಬರ್ 25ರಂದು ಪ್ರಸಾರ ಮಾಡಿದ ‘ಡಾಕ್ಟರ್ ಹೂ’ ಸರಣಿಯ ಕ್ರಿಸ್‌ಮಸ್ ಸ್ಪೆಷಲ್. ಹೆಸರು ‘ಎ ಕ್ರಿಸ್‌ಮಸ್ ಕ್ಯಾರಲ್’. ಮೊದಲೇ ಎಚ್ಚರಿಕೆ ಕೊಟ್ಟುಬಿಡ್ತೀನಿ: ಸ್ಪಾಯ್ಲರ್ ಇದೆ, ಕಥೆಯನ್ನ ಕೊನೆವರೆಗೂ ಹೇಳ್ತೀನಿ. ಹದಿನೈದು ವರ್ಷ ದಾಟಿರೋ ಎಪಿಸೋಡ್ ಆದ್ದರಿಂದ ಕ್ಷಮಿಸ್ತೀರಿ ಅನ್ಕೊಂಡಿದ್ದೀನಿ.

ನಾನಿದನ್ನ ಮೊದಲ ಸಲ ನೋಡಿದ್ದು ಕಾಲೇಜು ಹಾಸ್ಟೆಲ್‌ನಲ್ಲಿ. ಗೆಳೆಯನ ಲ್ಯಾಪ್‌ಟಾಪ್, ಒಂದೇ ಮಂಚದ ಮೇಲೆ ನಾಲ್ಕು ಜನ. ಆಮೇಲೆ ಎಷ್ಟೋ ವರ್ಷ ನೆನಪಲ್ಲಿ ಉಳಿದಿದ್ದು ಗಾಳಿಯಲ್ಲಿ ಈಜೋ ಶಾರ್ಕ್ ಮಾತ್ರ. ಕಳೆದ ವಾರ ಮತ್ತೆ ನೋಡಿದೆ. ಶಾರ್ಕ್ ಈಗಲೂ ಚೆನ್ನಾಗಿಯೇ ಇದೆ. ಆದ್ರೆ ಈ ಸಲ ನನ್ನ ಹಿಡಿದು ಕೂರಿಸಿದ್ದು ಒಬ್ಬ ಮುದುಕ ಎತ್ತಿದ ಕೈ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಮೊದಲು, ಈ ಡಾಕ್ಟರ್ ಯಾರು?

ಸರಣಿ ಗೊತ್ತಿಲ್ಲದವರಿಗೆ ಎರಡೇ ನಿಮಿಷ. ‘ಡಾಕ್ಟರ್ ಹೂ’ ಶುರುವಾಗಿದ್ದು 1963ರ ನವೆಂಬರ್ 23ಕ್ಕೆ. ಡಾಕ್ಟರ್ ಅಂದ್ರೆ ಬೇರೆ ಗ್ರಹದ ಒಬ್ಬ ಅಲೆಮಾರಿ. ಅವನ ವಾಹನದ ಹೆಸರು ಟಾರ್ಡಿಸ್. ಹೊರಗಿಂದ ನೋಡಿದ್ರೆ ಹಳೇ ಕಾಲದ ಬ್ರಿಟಿಷ್ ಪೊಲೀಸ್ ಟೆಲಿಫೋನ್ ಡಬ್ಬಿ, ಒಳಗೆ ಹೋದ್ರೆ ಅರಮನೆಯಷ್ಟು ಜಾಗ. ಅದರಲ್ಲಿ ಕೂತು ಯಾವ ಕಾಲಕ್ಕೆ ಬೇಕಾದ್ರೂ, ಯಾವ ಲೋಕಕ್ಕೆ ಬೇಕಾದ್ರೂ ಹೋಗಬಹುದು. ಸಾಯೋ ಹಂತಕ್ಕೆ ಬಂದ್ರೆ ಡಾಕ್ಟರ್‌ನ ದೇಹವೇ ಬದಲಾಗಿ ಹೊಸ ಮುಖ ಬರುತ್ತೆ. ನಟರು ಬದಲಾಗ್ತಾ ಹೋದ್ರೂ ಪಾತ್ರ ಮುಂದುವರಿದಿರೋದು ಈ ಉಪಾಯದಿಂದಲೇ.

1989ರಲ್ಲಿ ನಿಂತುಹೋಗಿದ್ದ ಸರಣಿ 2005ರಲ್ಲಿ ಮತ್ತೆ ಶುರುವಾಯ್ತು. ಅದೇ ವರ್ಷ ಕ್ರಿಸ್‌ಮಸ್ ದಿನ ಒಂದು ವಿಶೇಷ ಎಪಿಸೋಡ್ ಬಂತು. ಅಲ್ಲಿಂದ 2017ರವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಡಿಸೆಂಬರ್ 25ರ ಸಂಜೆ ಬ್ರಿಟನ್‌ನಲ್ಲಿ ಊಟ ಮುಗಿಸಿ, ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳ ತನಕ ಎಲ್ಲರೂ ಒಂದೇ ಟಿವಿ ಮುಂದೆ ಕೂರೋ ರೂಢಿ ಇದೆ. ಅರ್ಧ ಜನ ತೂಕಡಿಸ್ತಾ ಇರ್ತಾರೆ, ಮಕ್ಕಳು ಹೊಸ ಆಟಿಕೆ ಹಿಡ್ಕೊಂಡಿರ್ತಾರೆ. ಇವರೆಲ್ಲರಿಗೂ ಒಟ್ಟಿಗೆ ಕಥೆ ಹೇಳಬೇಕು. ಹಾಗಾಗಿ ಈ ಸ್ಪೆಷಲ್‌ಗಳು ಸಾಮಾನ್ಯವಾಗಿ ಸ್ವಲ್ಪ ತಮಾಷೆಯಾಗಿ, ಸ್ವಲ್ಪ ಅದ್ದೂರಿಯಾಗಿ ಇರ್ತವೆ.

2010ರದ್ದು ಮ್ಯಾಟ್ ಸ್ಮಿತ್ ಡಾಕ್ಟರ್ ಆದ ಮೇಲೆ ಬಂದ ಮೊದಲ ಕ್ರಿಸ್‌ಮಸ್ ಸ್ಪೆಷಲ್. ಬರೆದವರು ಸ್ಟೀವನ್ ಮೊಫಟ್, ನಿರ್ದೇಶನ ಟೋಬಿ ಹೇನ್ಸ್ ಅವರದು.

ಮಂಜಿನಲ್ಲಿ ಮೀನು, ಪೆಟ್ಟಿಗೆಯಲ್ಲಿ ಮನುಷ್ಯರು

ಕಥೆ ಹೀಗಿದೆ. ಒಂದು ದೂರದ ಗ್ರಹ. ಅಲ್ಲಿನ ಆಕಾಶದಲ್ಲಿ ದಟ್ಟ ಮೋಡ, ಮೋಡದ ತುಂಬ ಹಿಮದ ಹರಳು. ಊರಿನ ಮಂಜಿನಲ್ಲಿ ಮೀನುಗಳು ನೀರಲ್ಲಿ ಈಜಿದ ಹಾಗೆ ಈಜ್ತವೆ. ಆ ಮೋಡವನ್ನ ಹಿಡಿತದಲ್ಲಿ ಇಟ್ಟುಕೊಳ್ಳೋ ಒಂದು ಯಂತ್ರ ಇದೆ. ಅದು ಒಬ್ಬನೇ ಮನುಷ್ಯನ ಕೈಮಾತು ಕೇಳುತ್ತೆ. ಆ ಮನುಷ್ಯನ ಹೆಸರು ಕಜ್ರಾನ್ ಸಾರ್ಡಿಕ್. ಊರಿನ ದೊಡ್ಡ ಸಾಹುಕಾರ. ಈ ಪಾತ್ರ ಮಾಡಿರೋದು ಮೈಕಲ್ ಗ್ಯಾಂಬನ್. ಹ್ಯಾರಿ ಪಾಟರ್ ಸಿನಿಮಾಗಳಲ್ಲಿ ಮೂರನೇ ಭಾಗದಿಂದ ಡಂಬಲ್‌ಡೋರ್ ಆಗಿ ನೀವು ನೋಡಿರ್ತೀರಿ. 2023ರಲ್ಲಿ ತೀರಿಕೊಂಡರು.

ಈಗ ಆ ಮೋಡದೊಳಗೆ ಒಂದು ಪ್ರಯಾಣಿಕರ ನೌಕೆ ಸಿಕ್ಕಿಹಾಕಿಕೊಂಡು ಕೆಳಗೆ ಬೀಳ್ತಾ ಇದೆ. ಒಳಗೆ 4,003 ಜನ. ಅವರಲ್ಲಿ ಡಾಕ್ಟರ್‌ನ ಗೆಳೆಯರಾದ ಏಮಿ ಮತ್ತು ರೋರಿ ಕೂಡ ಇದ್ದಾರೆ, ಪಾಪ, ಹನಿಮೂನ್‌ಗೆ ಹೋದವರು. ಕಜ್ರಾನ್ ಒಂದು ಗುಂಡಿ ಒತ್ತಿದ್ರೆ ಸಾಕು, ಎಲ್ಲರೂ ಬದುಕ್ತಾರೆ. ಅವನು ಒತ್ತಲ್ಲ. ಯಾಕೆ ಒತ್ತಬೇಕು, ನನಗೇನು ಲಾಭ ಅನ್ನೋ ಮನುಷ್ಯ.

ಈ ಸಾಹುಕಾರನ ವ್ಯವಹಾರ ಏನು ಅಂತ ಮೊದಲ ಸಲ ನೋಡಿದಾಗ ನಾನು ಗಮನವೇ ಕೊಟ್ಟಿರಲಿಲ್ಲ. ಅವನು ಸಾಲ ಕೊಡ್ತಾನೆ. ಸಾಲಕ್ಕೆ ಅಡವು ಬೇಕಲ್ಲ? ನಮ್ಮಲ್ಲಿ ಚಿನ್ನ ಇಡ್ತೀವಿ, ಜಮೀನಿನ ಪತ್ರ ಇಡ್ತೀವಿ. ಅಲ್ಲಿ ಮನೆಯವರಲ್ಲೇ ಒಬ್ಬರನ್ನ ಇಡಬೇಕು. ಅವರನ್ನ ಹಿಮದಲ್ಲಿ ಹೆಪ್ಪುಗಟ್ಟಿಸಿ, ಪೆಟ್ಟಿಗೆಯೊಳಗೆ ನಿಲ್ಲಿಸಿ, ನೆಲಮಾಳಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟಿರ್ತಾರೆ. ಸಾಲ ತೀರಿದ್ರೆ ಮನುಷ್ಯ ವಾಪಸ್. ಎಪಿಸೋಡ್ ಶುರುವಿನಲ್ಲಿ ಒಂದು ಬಡ ಕುಟುಂಬ ಬಂದು ಬೇಡಿಕೊಳ್ಳುತ್ತೆ: ಹಬ್ಬದ ಒಂದು ದಿನಕ್ಕಾದ್ರೂ ನಮ್ಮ ಅಬಿಗೇಲ್‌ಳನ್ನ ಬಿಡಿ ಅಂತ. ಅವನು ಒಪ್ಪಲ್ಲ.

ಆಗ ಆ ಕುಟುಂಬದ ಒಬ್ಬ ಚಿಕ್ಕ ಹುಡುಗ ಸಿಟ್ಟಿಂದ ಕಜ್ರಾನ್‌ಗೆ ಕಲ್ಲಿದ್ದಲು ಎಸೀತಾನೆ. ಮುದುಕ ಹುಡುಗನ ಮೇಲೆ ಕೈ ಎತ್ತುತ್ತಾನೆ. ಹೊಡೀಬೇಕು. ಆದ್ರೆ ಕೈ ಅಲ್ಲೇ ನಿಂತುಬಿಡುತ್ತೆ.

ಡಾಕ್ಟರ್ ಇದನ್ನ ನೋಡಿಬಿಡ್ತಾನೆ. ಕೋಣೆಯಲ್ಲಿ ಕಜ್ರಾನ್‌ನ ಅಪ್ಪನ ದೊಡ್ಡ ಚಿತ್ರ ಇದೆ, ಆದ್ರೆ ಕುರ್ಚಿಗಳು ಆ ಚಿತ್ರ ಕಣ್ಣಿಗೆ ಬೀಳದ ಹಾಗೆ ತಿರುಗಿ ಕೂತಿವೆ. ಅದನ್ನೂ ನೋಡ್ತಾನೆ. ಇಷ್ಟರಿಂದಲೇ ಲೆಕ್ಕ ಹಾಕ್ತಾನೆ: ಈ ಮನುಷ್ಯನನ್ನ ಚಿಕ್ಕಂದಿನಲ್ಲಿ ಅಪ್ಪ ಹೊಡೀತಿದ್ದ. ಇವನಿಗೆ ಇನ್ನೂ ಭಯ ಇದೆ. ಅಪ್ಪನ ಥರ ಆಗಬಾರದು ಅನ್ನೋ ಆಸೆ ಇವನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿದೆ.

ಡಿಕನ್ಸ್ ಕಥೆಯಲ್ಲಿ ಇಲ್ಲದ್ದು ಇಲ್ಲಿದೆ

ಹೆಸರು ನೋಡಿದಾಗಲೇ ಗೊತ್ತಾಗಿರಬಹುದು, ಇದು ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯ ಮೇಲೆ ನಿಂತಿರೋ ಎಪಿಸೋಡ್. ಅದರಲ್ಲಿ ಸ್ಕ್ರೂಜ್ ಅನ್ನೋ ಜಿಪುಣನ ಹತ್ರ ಕ್ರಿಸ್‌ಮಸ್ ಸಮಯದಲ್ಲಿ ಮೂರು ಆತ್ಮಗಳು ಬರ್ತವೆ. ಒಂದು ಅವನ ಹಿಂದಿನ ದಿನಗಳನ್ನ ತೋರಿಸುತ್ತೆ, ಇನ್ನೊಂದು ಇವತ್ತು ನಡೀತಿರೋದನ್ನ, ಮತ್ತೊಂದು ಮುಂದೆ ಆಗೋದನ್ನ. ಮನುಷ್ಯ ಬದಲಾಗ್ತಾನೆ.

ಡಿಕನ್ಸ್‌ಗೆ ಸಾಲದ ವಿಷಯ ಪುಸ್ತಕದಲ್ಲಿ ಓದಿ ಗೊತ್ತಾದದ್ದಲ್ಲ. 1824ರಲ್ಲಿ ಅವರ ಅಪ್ಪನನ್ನ ಸಾಲ ತೀರಿಸಲಿಲ್ಲ ಅಂತ ಲಂಡನ್‌ನ ಮಾರ್ಷಲ್ಸೀ ಜೈಲಿಗೆ ಹಾಕಿದ್ರು. ಹನ್ನೆರಡು ವರ್ಷದ ಚಾರ್ಲ್ಸ್ ಬೂಟ್ ಪಾಲಿಶ್ ತಯಾರಿಸೋ ಕಾರ್ಖಾನೆಯಲ್ಲಿ ಕೆಲಸ ಮಾಡಬೇಕಾಯ್ತು. ಇದು ಗೊತ್ತಿದ್ದು ಮತ್ತೆ ಎಪಿಸೋಡ್ ನೋಡಿದ್ರೆ, ಆ ಹಿಮದ ಪೆಟ್ಟಿಗೆಗಳು ಬರೀ ಸೈನ್ಸ್ ಫಿಕ್ಷನ್ ಕಲ್ಪನೆ ಅನ್ನಿಸಲ್ಲ. ಸಾಲಕ್ಕೆ ಮನುಷ್ಯನನ್ನೇ ಹಿಡಿದು ಕೂಡಿಹಾಕೋದು ಡಿಕನ್ಸ್ ಕಾಲದ ಇಂಗ್ಲೆಂಡ್‌ನಲ್ಲಿ ಕಾನೂನೇ ಆಗಿತ್ತು.

ಆದ್ರೆ ಎರಡು ಕಥೆಗಳಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಡಿಕನ್ಸ್‌ನ ಆತ್ಮ ಹಿಂದಿನದನ್ನ ತೋರಿಸುತ್ತೆ, ಅಷ್ಟೇ. ಸ್ಕ್ರೂಜ್ ನೋಡಬಹುದು, ಅಳಬಹುದು, ಮುಟ್ಟೋಕಾಗಲ್ಲ. ಡಾಕ್ಟರ್ ಹತ್ರ ಕಾಲಯಂತ್ರ ಇದೆಯಲ್ಲ. ಅವನು ಕಜ್ರಾನ್‌ಗೆ ಒಂದು ಹಳೇ ವಿಡಿಯೋ ಹಾಕಿ ತೋರಿಸ್ತಾನೆ. ಚಿಕ್ಕ ಹುಡುಗ ಕಜ್ರಾನ್ ತಾನೇ ಮಾಡಿಕೊಂಡಿದ್ದ ರೆಕಾರ್ಡಿಂಗ್. ಕಿಟಕಿ ತೆರೆದಿಟ್ಟು ಮೀನು ಬರೋದನ್ನ ಕಾಯ್ತಾ ಇರ್ತಾನೆ, ಅಪ್ಪ ಬಂದು ಹೊಡೀತಾನೆ. ಮುದುಕ ಕಜ್ರಾನ್ ಅದನ್ನ ನೋಡ್ತಾ ಕೂತಿರುವಾಗ, ಡಾಕ್ಟರ್ ಕೋಣೆಯಿಂದ ಆಚೆ ಹೋಗ್ತಾನೆ. ಮರುಕ್ಷಣ ವಿಡಿಯೋದೊಳಗೆ, ಆ ಹುಡುಗನ ಕಿಟಕಿಯಲ್ಲಿ ಪ್ರತ್ಯಕ್ಷ!

ಅಲ್ಲಿಂದ ಮುದುಕನ ತಲೆಯಲ್ಲಿ ಹೊಸ ನೆನಪುಗಳು ಬರೋಕೆ ಶುರುವಾಗ್ತವೆ. ಹಳೇದು ಅಳಿಸಿಹೋಗಿಲ್ಲ, ಹೊಸದೂ ಸೇರಿಕೊಳ್ತಾ ಇದೆ. ತನ್ನದೇ ಬಾಲ್ಯವನ್ನ ಸ್ಕ್ರೀನ್ ಮೇಲೆ ನೋಡ್ತಾ, ತಾನು ಬದಲಾಗ್ತಾ ಇರೋದನ್ನ ತಾನೇ ಅನುಭವಿಸ್ತಾ ಇದ್ದಾನೆ. ಗ್ಯಾಂಬನ್ ಮುಖ ನೋಡಬೇಕು ಆಗ. ಈ ದೃಶ್ಯಕ್ಕೋಸ್ಕರವಾದ್ರೂ ಎಪಿಸೋಡ್ ಎರಡನೇ ಸಲ ನೋಡಿ ಅಂತೀನಿ.

ಇದು ಸರಿನಾ?

ಮೊದಲ ಸಲ ನೋಡಿದಾಗ ನಾವು ನಾಲ್ಕೂ ಜನ ಚಪ್ಪಾಳೆ ಹೊಡೆದಿದ್ವಿ. ಎಂಥಾ ಐಡಿಯಾ ಗುರೂ ಅಂತ. ಈ ಸಲ ನನಗೆ ಸ್ವಲ್ಪ ಇರುಸುಮುರುಸು ಆಯ್ತು.

ಯೋಚನೆ ಮಾಡಿ. ಒಬ್ಬ ಮನುಷ್ಯನನ್ನ ಕೇಳದೆ ಕೇಳಿಸದೆ ಅವನ ಬಾಲ್ಯವನ್ನೇ ತಿದ್ದೋದು. ನೀನು ಇರೋ ರೀತಿ ನನಗೆ ಅನುಕೂಲವಾಗಿಲ್ಲ, ನಿನ್ನನ್ನ ಬೇರೆ ಥರ ಬೆಳೆಸಿಕೊಂಡು ಬರ್ತೀನಿ ಅನ್ನೋದು. ಉದ್ದೇಶ ಒಳ್ಳೇದೇ, 4,003 ಜೀವಗಳ ಪ್ರಶ್ನೆ. ಆದ್ರೂ ನಿಮಗೆ ಯಾರಾದ್ರೂ ಹೀಗೆ ಮಾಡಿದ್ರೆ? ನಿಮ್ಮ ಸಿಟ್ಟು, ನಿಮ್ಮ ನೋವು ನಿಮ್ಮದೇ ತಾನೇ? ಅದನ್ನ ಇನ್ನೊಬ್ಬರು ಬಂದು ಎಡಿಟ್ ಮಾಡೋ ಹಾಗಿದ್ರೆ, ಉಳಿದಿರೋ ಮನುಷ್ಯ ನೀವೇನಾ?

ಎಪಿಸೋಡ್ ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಓಡಲ್ಲ ಅನ್ನೋದು ಮತ್ತೆ ನೋಡಿದಾಗ ಗೊತ್ತಾಯ್ತು. ಡಾಕ್ಟರ್‌ನ ಉಪಾಯ ಫೇಲ್ ಆಗುತ್ತೆ! ಅವನು ಪ್ರತಿ ವರ್ಷ ಕ್ರಿಸ್‌ಮಸ್ ಹಿಂದಿನ ರಾತ್ರಿ ಹುಡುಗ ಕಜ್ರಾನ್ ಹತ್ರ ಬರ್ತಾನೆ. ಇಬ್ಬರೂ ಸೇರಿ ಅಬಿಗೇಲ್‌ಳ ಪೆಟ್ಟಿಗೆ ತೆರೀತಾರೆ, ಮೂವರೂ ಸುತ್ತಾಡ್ತಾರೆ, ಮತ್ತೆ ಅವಳನ್ನ ಒಳಗೆ ಕಳಿಸ್ತಾರೆ. ಹುಡುಗ ದೊಡ್ಡವನಾಗ್ತಾನೆ, ಪ್ರೀತಿ ಹುಟ್ಟುತ್ತೆ. ಅಷ್ಟರಲ್ಲಿ ಅಬಿಗೇಲ್ ಅವನಿಗೊಂದು ಸತ್ಯ ಹೇಳ್ತಾಳೆ. ಅವಳಿಗೆ ಕಾಯಿಲೆ ಇದೆ. ಪೆಟ್ಟಿಗೆಯ ಹೊರಗೆ ಬದುಕೋಕೆ ಅವಳಿಗೆ ಬೆರಳೆಣಿಕೆಯಷ್ಟು ದಿನ ಮಾತ್ರ ಇತ್ತು. ಪ್ರತಿ ಕ್ರಿಸ್‌ಮಸ್‌ಗೂ ಒಂದೊಂದು ಕಳೆದು, ಈಗ ಒಂದೇ ದಿನ ಉಳಿದಿದೆ.

ಪೆಟ್ಟಿಗೆಯ ಮೇಲೆ ಒಂದು ಸಂಖ್ಯೆ ಕಾಣ್ತಾ ಇರುತ್ತೆ, ಪ್ರತಿ ಸಲ ಕಡಿಮೆ ಆಗ್ತಾ ಹೋಗುತ್ತೆ. ಮೊದಲ ಸಲ ನೋಡೋವಾಗ ಅದು ಅಲಂಕಾರ ಅನ್ಕೊಂಡಿದ್ದೆ. ಕಥೆ ಗೊತ್ತಿದ್ದು ನೋಡಿದ್ರೆ ಪ್ರತಿ ನಗು, ಪ್ರತಿ ಸುತ್ತಾಟದ ಹಿಂದೆ ಆ ಸಂಖ್ಯೆ ಕಾಣ್ತಾನೇ ಇರುತ್ತೆ. ಡಾಕ್ಟರ್‌ಗೂ ಅದರ ಅರ್ಥ ಗೊತ್ತಾಗಿಲ್ಲ. ಎಲ್ಲಾ ಗೊತ್ತಿರೋ ಮಹಾನುಭಾವ, ಎದುರಿಗಿರೋ ಲೆಕ್ಕ ಓದಲಿಲ್ಲ.

ಹೀಗಾಗಿ ಕಜ್ರಾನ್ ಮತ್ತೆ ಕಲ್ಲಾಗಿಬಿಡ್ತಾನೆ, ಈ ಸಲ ಬೇರೆ ಕಾರಣಕ್ಕೆ. ಮೊದಲು ಪ್ರೀತಿ ಸಿಗದೇ ಕೆಟ್ಟಿದ್ದವನು, ಈಗ ಸಿಕ್ಕಿದ ಪ್ರೀತಿ ಕಳ್ಕೊಳ್ಳೋ ಭಯಕ್ಕೆ ಕೆಟ್ಟ. ಬಾಲ್ಯವನ್ನ ತಿದ್ದಿದ್ರೂ ಫಲ ಅಷ್ಟಕ್ಕಷ್ಟೇ.

ಅಬಿಗೇಲ್‌ಳನ್ನ ಯಾರು ಕೇಳಿದ್ರು?

ಇಲ್ಲಿ ಒಂದು ದೂರು ಹೇಳಲೇಬೇಕು. ಅಬಿಗೇಲ್ ಪಾತ್ರ ಮಾಡಿರೋದು ವೇಲ್ಸ್‌ನ ಗಾಯಕಿ ಕ್ಯಾಥರೀನ್ ಜೆಂಕಿನ್ಸ್. ಅವರು ನಟಿಸಿದ್ದು ಇದೇ ಮೊದಲು. ಹಾಡಿಗೆ ಸಂಗೀತ ಮರ್ರೇ ಗೋಲ್ಡ್ ಅವರದು. ಹಾಡು ಅದ್ಭುತ. ಆದ್ರೆ ಪಾತ್ರ? ಇಬ್ಬರು ಗಂಡಸರು ತಮಗೆ ಬೇಕಾದಾಗ ಅವಳನ್ನ ಎಬ್ಬಿಸ್ತಾರೆ, ಆಮೇಲೆ ಮಲಗಿಸ್ತಾರೆ. ಖರ್ಚಾಗ್ತಾ ಇರೋದು ಅವಳ ದಿನಗಳು. ಅವಳು ತಾನಾಗಿ ಬೇಕು ಅಂತ ಕೇಳಿದ್ದು ತನ್ನ ಮನೆಯವರ ಜೊತೆ ಒಂದು ಹಬ್ಬದ ರಾತ್ರಿ. ಕೊನೆಯ ದಿನವನ್ನ ಯಾವತ್ತಿಗೆ ಇಟ್ಟುಕೊಳ್ಳಬೇಕು ಅನ್ನೋದನ್ನೂ ವರ್ಷಾನುಗಟ್ಟಲೆ ಕಜ್ರಾನ್ ಒಬ್ಬನೇ ತೀರ್ಮಾನ ಮಾಡಿಕೊಂಡಿರ್ತಾನೆ, ಅವಳನ್ನ ಪೆಟ್ಟಿಗೆಯಲ್ಲೇ ಬಿಟ್ಟು. ಸಾಲಕ್ಕೆ ಅಡವಾಗಿದ್ದವಳು, ಆಮೇಲೆ ಪ್ರೀತಿಗೂ ಅಡವಾದ ಹಾಗಾಯ್ತು.

ಬರೆದವರು ಇದನ್ನ ಬೇಕಂತಲೇ ಹೀಗಿಟ್ಟರಾ ಅಂತ ಹೇಳೋಕಾಗಲ್ಲ. ಆದ್ರೆ ಕೊನೆಯಲ್ಲಿ ಅವಳು ಎದ್ದು ಬಂದಾಗ, ನಿನ್ನ ಕಾವಲು ಸಾಕು, ಈಗ ಹಬ್ಬ ಮಾಡೋಣ ಅನ್ನೋ ಧಾಟಿಯಲ್ಲಿ ಮಾತಾಡೋದು ಅವಳೇ. ಇಡೀ ಕಥೆಯಲ್ಲಿ ಸಾವಿಗೆ ಹೆದರದೇ ಇರೋದು ಸಾಯ್ತಾ ಇರೋ ಅವಳೊಬ್ಬಳೇ.

ಮತ್ತೆ ಆ ಕೈ

ಹಾಗಾದ್ರೆ ಕಜ್ರಾನ್ ಬದಲಾಗಿದ್ದು ಯಾವಾಗ? ಹಿಂದಿನ ದಿನಗಳಿಂದ ಆಗಲಿಲ್ಲ. ನೌಕೆಯಲ್ಲಿರೋರು ಹಾಡ್ತಾ ಇರೋದನ್ನ ಏಮಿ ತೋರಿಸ್ತಾಳೆ, ಅದರಿಂದಲೂ ಆಗಲಿಲ್ಲ. ಉಳಿದಿರೋದು ಭವಿಷ್ಯ. ಅವನು ಡಾಕ್ಟರ್‌ಗೆ ಸವಾಲು ಹಾಕ್ತಾನೆ: ಏನು ತೋರಿಸ್ತೀಯಾ, ನಾನು ಒಂಟಿಯಾಗಿ ಸಾಯ್ತೀನಿ ಅಂತಾನಾ? ಎಲ್ಲರೂ ಸಾಯ್ತಾರೆ ಬಿಡು.

ಡಾಕ್ಟರ್ ಭವಿಷ್ಯವನ್ನ ತೋರಿಸೋದು ಮುದುಕನಿಗಲ್ಲ. ಹುಡುಗ ಕಜ್ರಾನ್‌ನನ್ನ ಕರ್ಕೊಂಡು ಬಂದು ನಿಲ್ಲಿಸಿದ್ದಾನೆ. ನೋಡಪ್ಪ, ದೊಡ್ಡವನಾದ್ಮೇಲೆ ನೀನು ಹೀಗಾಗ್ತೀಯ. ಸರಿನಾ?

ಮುದುಕ ಸಿಟ್ಟಲ್ಲಿ ಆ ಹುಡುಗನ ಮೇಲೆ, ಅಂದ್ರೆ ತನ್ನ ಮೇಲೇ, ಕೈ ಎತ್ತುತ್ತಾನೆ. ಹುಡುಗನ ಕಣ್ಣೆದುರು ಇರೋದು ಅವನ ಅಪ್ಪನ ಮುಖವೇ. ಯಾಕಂದ್ರೆ ಅಪ್ಪನ ಪಾತ್ರವನ್ನೂ ಗ್ಯಾಂಬನ್ ಅವರೇ ಮಾಡಿದ್ದಾರೆ. ಕೈ ಮೇಲೇ ನಿಲ್ಲುತ್ತೆ. ಆಮೇಲೆ ಆ ಕೈ ಹುಡುಗನನ್ನ ತಬ್ಬಿಕೊಳ್ಳುತ್ತೆ.

ಈಗ ಮನುಷ್ಯ ನಿಜವಾಗಿ ಬದಲಾದ, ಯಂತ್ರದ ಗುಂಡಿ ಒತ್ತೋಕೆ ಓಡ್ತಾನೆ. ಯಂತ್ರ ಒಪ್ಪಲ್ಲ! ಅದಕ್ಕೆ ಅವನ ಗುರುತು ಸಿಗ್ತಾ ಇಲ್ಲ. ಅಷ್ಟು ಬದಲಾಗಿಬಿಟ್ಟಿದ್ದಾನೆ. ಆಗಲೇ ನಾನು ಕೇಳಿದ ಪ್ರಶ್ನೆಗೆ, ಉಳಿದಿರೋ ಮನುಷ್ಯ ನೀವೇನಾ ಅನ್ನೋದಕ್ಕೆ, ಎಪಿಸೋಡ್ ಕೊಡೋ ಉತ್ತರ ಇದು. ಇಲ್ಲ, ಅವನು ಇವನಲ್ಲ. ಅದಕ್ಕೆ ಬೆಲೆಯನ್ನೂ ತೆರಬೇಕು. ನೌಕೆ ಉಳಿಯೋಕೆ ಇರೋ ಒಂದೇ ದಾರಿ ಅಬಿಗೇಲ್‌ಳ ಹಾಡು. ಆ ದನಿಗೆ ಮಂಜಿನ ಹರಳುಗಳು ಸ್ಪಂದಿಸ್ತವೆ. ಹಾಡಬೇಕಾದ್ರೆ ಅವಳು ಹೊರಗೆ ಬರಬೇಕು, ಕೊನೆಯ ದಿನ ಖರ್ಚಾಗಬೇಕು. ಅವಳು ಹಾಡ್ತಾಳೆ, ಮೋಡ ಬಿಡಿಸಿಕೊಳ್ಳುತ್ತೆ, ನೌಕೆ ಇಳಿಯುತ್ತೆ, ಹಿಮ ಬೀಳುತ್ತೆ. ಇಬ್ಬರೂ ಶಾರ್ಕ್ ಎಳೆಯೋ ಬಂಡಿಯಲ್ಲಿ ಆಕಾಶಕ್ಕೆ ಹಾರ್ತಾರೆ. ಹಬ್ಬದ ಎಪಿಸೋಡ್, ನಗಿಸಿಯೇ ಕಳಿಸ್ತಾರೆ. ನಾಳೆ ಏನು ಅನ್ನೋದು ಇಬ್ಬರಿಗೂ ಗೊತ್ತು, ನಮಗೂ ಗೊತ್ತು.

ಮತ್ತೆ ನೋಡೋಕೆ ಆಗದ ಕ್ರಿಸ್‌ಮಸ್

ಮುಗಿಸೋ ಮುಂಚೆ ಇನ್ನೊಂದು ಎಪಿಸೋಡ್ ಬಗ್ಗೆ ಹೇಳಬೇಕು. ‘ಡಾಕ್ಟರ್ ಹೂ’ ಕ್ರಿಸ್‌ಮಸ್ ದಿನ ಪ್ರಸಾರವಾಗಿದ್ದು 2005ರಲ್ಲಿ ಮೊದಲಲ್ಲ. 1965ರ ಡಿಸೆಂಬರ್ 25ಕ್ಕೆ ‘ದ ಫೀಸ್ಟ್ ಆಫ್ ಸ್ಟೀವನ್’ ಅನ್ನೋ ಎಪಿಸೋಡ್ ಬಂದಿತ್ತು. ಅದರ ಕೊನೆಯಲ್ಲಿ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್ ನೇರವಾಗಿ ಕ್ಯಾಮೆರಾ ಕಡೆ ತಿರುಗಿ, ಮನೆಯಲ್ಲಿ ಕೂತು ನೋಡ್ತಿರೋ ಎಲ್ಲರಿಗೂ ಹಬ್ಬದ ಶುಭಾಶಯ ಹೇಳ್ತಾರೆ.

ಅದನ್ನ ಈಗ ಯಾರೂ ನೋಡೋಕಾಗಲ್ಲ. ಆ ಕಾಲದಲ್ಲಿ ವಿಡಿಯೋ ಟೇಪ್ ದುಬಾರಿ, ಒಂದೇ ಟೇಪನ್ನ ಅಳಿಸಿ ಮತ್ತೆ ಬಳಸ್ತಿದ್ರು. ಮರುಪ್ರಸಾರಕ್ಕೆ ನಟರ ಒಪ್ಪಂದಗಳಲ್ಲಿ ಮಿತಿ ಇತ್ತು. ಜನ ಇದನ್ನ ಮತ್ತೆ ನೋಡ್ತಾರೆ ಅನ್ನೋ ಯೋಚನೆಯೇ ಹೆಚ್ಚಿಗೆ ಇರಲಿಲ್ಲ. 60–70ರ ದಶಕಗಳಲ್ಲಿ ಬಿಬಿಸಿ ಹೀಗೆ ಅಳಿಸಿದ್ದರಲ್ಲಿ ಈ ಸರಣಿಯ 90ಕ್ಕೂ ಹೆಚ್ಚು ಎಪಿಸೋಡ್‌ಗಳು ಇನ್ನೂ ಸಿಕ್ಕಿಲ್ಲ. ಆದ್ರೆ ಅವುಗಳ ಧ್ವನಿ ಉಳಿದಿದೆ, ಈ ಕ್ರಿಸ್‌ಮಸ್ ಎಪಿಸೋಡ್‌ನದ್ದೂ ಸೇರಿ. ಯಾಕಂದ್ರೆ ಕೆಲವು ಅಭಿಮಾನಿಗಳು ಪ್ರಸಾರವಾಗ್ತಿರುವಾಗಲೇ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟಿದ್ರು. ಒಂಥರಾ ಅವತ್ತಿನ ಪಾಡ್‌ಕಾಸ್ಟ್!

ನಾವು ‘ರೀವಾಚ್’ ಅಂತ ಸಲೀಸಾಗಿ ಅಂತೀವಿ. ಬೆರಳಲ್ಲಿ ಒತ್ತಿದ್ರೆ ಹಳೇದು ಹಾಗೇ ಬರುತ್ತೆ. ಕಜ್ರಾನ್ ನೋಡಿದ ವಿಡಿಯೋ ಥರ ಅದು ಬದಲಾಗಲ್ಲ. ಬದಲಾಗಿರೋದು ನೋಡೋಕೆ ಕೂತಿರೋರು.

ಈಗ ನನ್ನ ವಿಷಯ. ಹೋದ ತಿಂಗಳು ಒಂದು ದಿನ ಕೆಲಸದ ಸಿಟ್ಟಲ್ಲಿ ಮನೆಗೆ ಬಂದಿದ್ದೆ. ಆರು ವರ್ಷದ ಮಗಳು ನನ್ನ ಫೋನ್ ಬೀಳಿಸಿದಳು. ಕೈ ಎತ್ತಿದೆ. ಹೊಡೀಲಿಲ್ಲ, ಆದ್ರೆ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ ಭುಜ ಕುಗ್ಗಿಸಿಕೊಂಡು ನಿಂತಿದ್ದು ನೋಡಿದೆ. ಆಮೇಲೆ ಅವಳೇ ಬಂದು “ಅಪ್ಪ, ಫೋನ್ ಸರಿ ಇದೆಯಾ?” ಅಂದಳು. ನಾನು ಉತ್ತರ ಕೊಡೋಕೆ ಸ್ವಲ್ಪ ಹೊತ್ತು ಹಿಡೀತು.

ನನ್ನ ಹತ್ರ ಟಾರ್ಡಿಸ್ ಇಲ್ಲ. ಹಿಂದಕ್ಕೆ ಹೋಗಿ ಆ ಐದು ಸೆಕೆಂಡ್ ಅಳಿಸೋಕಾಗಲ್ಲ, ಅವಳ ತಲೆಯಲ್ಲಿ ಅದು ಉಳಿದಿದ್ರೆ ಉಳೀತು. ಕಳೆದ ವಾರ ಈ ಎಪಿಸೋಡ್‌ನಲ್ಲಿ ಮುದುಕನ ಕೈ ಮೇಲೆದ್ದು ನಿಂತಾಗ ವಿಡಿಯೋ ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಹಾಸ್ಟೆಲ್‌ನಲ್ಲಿ ಇದೇ ದೃಶ್ಯ ಬರುವಾಗ ನಾನು ಬಹುಶಃ ಚಿಪ್ಸ್ ಪ್ಯಾಕೆಟ್ ಹುಡುಕ್ತಾ ಇದ್ದೆ.

ನೀವು ನೋಡೋದಾದ್ರೆ ಮೂರು ವಿಷಯ ಗಮನಿಸಿ. ಕುರ್ಚಿಗಳು ಎತ್ತ ಮುಖ ಮಾಡಿವೆ. ಪೆಟ್ಟಿಗೆ ಮೇಲಿನ ಸಂಖ್ಯೆ ಎಷ್ಟಿದೆ. ಮತ್ತೆ ಆ ಕೈ ಎಷ್ಟು ಸಲ ಮೇಲೇಳುತ್ತೆ, ಯಾರ ಎದುರು. ಹಳೇ ಇಷ್ಟದ ಯಾವುದಾದ್ರೂ ಎಪಿಸೋಡನ್ನ ಮತ್ತೆ ನೋಡಿದಾಗ ನಿಮಗೆ ಬೇರೆಯೇ ಏನೋ ಕಂಡಿದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ನಾನು ಕೇಳ್ತೀನಿ.

ಶಾರ್ಕ್ ನೋಡೋಕೆ ಮಗಳನ್ನೂ ಕೂರಿಸಿಕೊಳ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ. ಈ ಭಾನುವಾರ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.